ತೆರೆಯ ಹಿಂದಿನ ಕೈಗಳು

ಕೈಯಿಂದ ಬರೆದ ಚಿತ್ರ ಹಾಡಿಗೆ ತಕ್ಕಂತೆ ಕುಣಿಯುತ್ತದೆ, ಆಕಾಶಕ್ಕೆ ಹಾರುತ್ತದೆ, ಬೆಟ್ಟ ಎತ್ತುತ್ತದೆ. ಇಂದು ಇದನ್ನು ಅನಿಮೇಷನ್ ಎನ್ನುತ್ತೇವೆ. ಆದವಾನಿ, ಆಲೂರು, ಬಳ್ಳಾರಿ ಸೀಮೆಯ ಹಿರಿಯರಿಗೆ ಇದು ಹೊಸದಲ್ಲ. ಅವರು ರಾತ್ರಿಯಿಡೀ ತೊಗಲುಗೊಂಬೆ ಆಟ ನೋಡಿದವರು.

1953ರಲ್ಲಿ ಆದವಾನಿ ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿತು. ಆದರೆ ಈ ಕಲೆಗೆ ಗಡಿ ಹಾಕಲು ಯಾರಿಗೂ ಆಗಲಿಲ್ಲ. ಈ ಆಟ ಆಡಿಸುವ ಕಿಳ್ಳೇಕ್ಯಾತ ಸಮುದಾಯದ ಕಲಾವಿದರು ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿ, ಬಣ್ಣ ತುಂಬಿ, ಆಭರಣಗಳಿಗಾಗಿ ಸಣ್ಣ ಸಣ್ಣ ತೂತು ಕೊರೆದರು. ಬಿಳಿ ತೆರೆಯ ಹಿಂದೆ ದೀಪ ಹಚ್ಚಿದರೆ ಹತ್ತು ತಲೆಯ ರಾವಣ ಎದ್ದು ನಿಲ್ಲುತ್ತಿದ್ದ. ಹಾರ್ಮೋನಿಯಂ, ಮದ್ದಳೆ, ತಾಳಗಳೇ ಆ ಚಿತ್ರಗಳ ಉಸಿರು. ಬಳ್ಳಾರಿಯ ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣನವರು ಗಾಂಧೀಜಿಯ ಕಥೆಯನ್ನೂ ಇದೇ ತೆರೆಗೆ ತಂದರು.

ನೆರಳಿಗೆ ಜೀವ ತುಂಬುವ ಇಂಥ ಕೆಲಸ ದೂರದ ದೇಶದಲ್ಲೂ ನಡೆಯಿತು. 1926ರಲ್ಲಿ ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ಹೆಣ್ಣುಮಗಳು ಕಾಗದ ಕತ್ತರಿಸಿ, ನೆರಳುಗೊಂಬೆಗಳಿಂದಲೇ ಪೂರ್ಣ ಪ್ರಮಾಣದ ಸಿನಿಮಾ ಮಾಡಿದಳು. ದೇಶ ಬೇರೆ, ಕನಸು ಒಂದೇ.

ನಮ್ಮ ತೊಗಲುಗೊಂಬೆ ಆಟದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಒಂದು ಸಂಗತಿ. ಗೊಂಬೆ ಎಲ್ಲರಿಗೂ ಕಾಣುತ್ತದೆ, ಆಡಿಸುವವರು ಕಾಣುವುದಿಲ್ಲ. ಇಡೀ ಕುಟುಂಬ ತೆರೆಯ ಹಿಂದೆ ಕೂತು ಹಾಡುತ್ತದೆ, ಬಾರಿಸುತ್ತದೆ, ದುಡಿಯುತ್ತದೆ. ತಾನು ಮರೆಯಾಗಿದ್ದು ಕಥೆಯನ್ನು ಬೆಳಗಿಸುವುದು ದೊಡ್ಡ ಸಾಧನೆ. ನಮ್ಮ ಮನೆ, ಶಾಲೆ, ಊರು ನಡೆಯುವುದೂ ಅಂಥ ಕೈಗಳಿಂದಲೇ. ಇಂದು ಅಂಥ ಒಬ್ಬರನ್ನು ಹೆಸರು ಹಿಡಿದು ಕರೆದು, ಮೆಚ್ಚುಗೆಯ ಮಾತು ಹೇಳೋಣ. ಹತ್ತಿರದಲ್ಲಿ ಗೊಂಬೆಯಾಟ ನಡೆದರೆ ಮಕ್ಕಳನ್ನೂ ಕರೆದುಕೊಂಡು ಹೋಗೋಣ.