ನೋಡುವವನ ಕೈ ಕಟ್ಟಿರಬೇಕು, ಕಣ್ಣಲ್ಲ
(ನೆದರ್ಲೆಂಡ್ಸ್‌ನಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಊರಲ್ಲಿ ಚುನಾವಣೆ ಮುಗಿಯಿತೆಂದರೆ ನಮ್ಮೆಲ್ಲರ ಇನ್‌ಬಾಕ್ಸ್ ತುಂಬುತ್ತದೆ. ಸೋತವರ ಕಡೆಯ ಗೆಳೆಯರು "ಎಲ್ಲಾ ಮೋಸ" ಅಂತ ಬರೆಯುತ್ತಾರೆ. ಗೆದ್ದವರ ಕಡೆಯವರು "ಎಲ್ಲಾ ಸರಿಯಿದೆ" ಅನ್ನುತ್ತಾರೆ. ಇಬ್ಬರೂ ಕೂತಿರುವುದು ಊರಿಂದ ಸಾವಿರಾರು ಕಿಲೋಮೀಟರ್ ದೂರದಲ್ಲಿ! ನಾನೂ ಹಾಗೆ ಬರೆದವನೇ. ಅದಕ್ಕೇ ಇವತ್ತು ಚುನಾವಣಾ ವೀಕ್ಷಕನ ಕೆಲಸವೇನು, ಅದರ ಎಲ್ಲೆ ಯಾವುದು ಅನ್ನುವುದರ ಬಗ್ಗೆ ನಾಲ್ಕು ಮಾತು.

ಈ ದೇಶದಲ್ಲಿ ಐದು ವರ್ಷ ಕಾನೂನುಬದ್ಧವಾಗಿ ನೆಲೆಸಿದ ಪರದೇಶದವರಿಗೂ ನಗರಸಭೆ ಚುನಾವಣೆಯಲ್ಲಿ ಮತದ ಹಕ್ಕಿದೆ. 2022ರ ಮಾರ್ಚ್ 16ರಂದು ನಾನೂ ಕೆಂಪು ಪೆನ್ಸಿಲ್ ಹಿಡಿದು ಮತ ಹಾಕಿದೆ. ಎಣಿಕೆಯನ್ನು ಯಾರು ಬೇಕಾದರೂ ನೋಡಬಹುದು ಎಂದು ತಿಳಿದು, ರಾತ್ರಿ ಒಂಬತ್ತಕ್ಕೆ ಮತಗಟ್ಟೆ ಮುಚ್ಚುವ ಹೊತ್ತಿಗೆ ಮತ್ತೆ ಹೋದೆ. ಪಾಸು, ಪಕ್ಷದ ಚೀಟಿ ಏನೂ ಕೇಳಲಿಲ್ಲ. ಮತಪೆಟ್ಟಿಗೆ ಬರಿದು ಮಾಡಿ, ಟೇಬಲ್ ಕ್ಲಾತಿನಷ್ಟು ಅಗಲದ ಮತಪತ್ರಗಳನ್ನು ಬಿಡಿಸಿ ಎಣಿಸಿದರು. ಲೆಕ್ಕದಲ್ಲಿ ಒಂದು ಕಮ್ಮಿ. ಒಂದು ಮತಪತ್ರದ ಮಡಿಕೆಯೊಳಗೆ ಇನ್ನೊಂದು ಸಿಕ್ಕಿಕೊಂಡಿದ್ದು ನನ್ನ ಕಣ್ಣಿಗೆ ಬಿತ್ತು. ಸಹಾಯ ಮಾಡೋಣ ಅಂತ ಕೈ ಚಾಚಿದೆ. ಮತಗಟ್ಟೆಯ ಮುಖ್ಯಸ್ಥೆ ತಡೆದರು. "ಮುಟ್ಟಬೇಡಿ. ಏನು ಕಂಡಿತು ಹೇಳಿ, ತೆಗೆದು ನೋಡುವುದು ನಮ್ಮ ಕೆಲಸ. ಆಕ್ಷೇಪವಿದ್ದರೆ ವರದಿಯಲ್ಲಿ ಬರೆಯುತ್ತೇವೆ" ಎಂದರು. ಹೇಳಿದೆ. ಅವರೇ ಬಿಡಿಸಿದರು, ಲೆಕ್ಕ ಸರಿಹೋಯಿತು.

ನನಗೆ ನಾಚಿಕೆಯಾಯಿತು. ನಾನು ಮುಟ್ಟಿದ್ದರೆ ಆ ಮತಪತ್ರ ನಾನೇ ತಂದಿಟ್ಟದ್ದು ಎಂದು ಯಾರಾದರೂ ಹೇಳಬಹುದಿತ್ತಲ್ಲ! ಕೈ ಹಾಕಿದವನು ಆಮೇಲೆ ಸಾಕ್ಷಿ ಹೇಳಲಾರ. ಅಲ್ಲಿ ವೀಕ್ಷಕನ ಎಲ್ಲೆ ನನಗೆ ಅರ್ಥವಾಯಿತು.

2005ರಲ್ಲಿ ವಿಶ್ವಸಂಸ್ಥೆಯಲ್ಲಿ ಹೊರಬಂದ ಅಂತರರಾಷ್ಟ್ರೀಯ ವೀಕ್ಷಕರ ನೀತಿಸಂಹಿತೆಯೂ ಇದನ್ನೇ ಹೇಳುತ್ತದೆ: ಪಕ್ಷ ವಹಿಸಬೇಡ, ಕೆಲಸಕ್ಕೆ ಅಡ್ಡಿಪಡಿಸಬೇಡ, ಕಂಡದ್ದನ್ನು ಆಧಾರದೊಂದಿಗೆ ಬಹಿರಂಗವಾಗಿ ಹೇಳು. ನಮ್ಮ ಚುನಾವಣಾ ಆಯೋಗದ ವೀಕ್ಷಕರಿಗೆ ಇನ್ನೂ ಹೆಚ್ಚಿನ ಅಧಿಕಾರವಿದೆ. ಜನತಾ ಪ್ರಾತಿನಿಧ್ಯ ಕಾಯಿದೆಗೆ 1996ರಲ್ಲಿ ಸೇರಿಸಿದ 20ಬಿ ಕಲಮಿನ ಪ್ರಕಾರ, ಬಹಳಷ್ಟು ಮತಗಟ್ಟೆಗಳನ್ನು ವಶಪಡಿಸಿಕೊಂಡಿದ್ದರೆ ಅಥವಾ ಮತಪತ್ರಗಳು ನಾಶವಾಗಿದ್ದರೆ ಅವರು ಎಣಿಕೆ ನಿಲ್ಲಿಸಲು ಹೇಳಬಹುದು, ಫಲಿತಾಂಶ ತಡೆಯಬಹುದು. ಆದರೆ ಅವರೂ ಫಲಿತಾಂಶ ಬದಲಿಸುವಂತಿಲ್ಲ. ವರದಿ ಆಯೋಗಕ್ಕೆ ಹೋಗಬೇಕು, ತೀರ್ಮಾನ ಆಯೋಗದ್ದು.

ಇನ್ನೊಂದು ಎಲ್ಲೆಯೂ ಇದೆ. ಕಣ್ಣಿಗೆ ಕಾಣದ್ದನ್ನು ವೀಕ್ಷಕ ನೋಡಲಾರ. ಇಲ್ಲಿ 2006ರವರೆಗೆ ಬಹುಪಾಲು ಮತ ಬೀಳುತ್ತಿದ್ದದ್ದು ನೆಡಾಪ್ ಕಂಪನಿಯ ಯಂತ್ರಗಳಲ್ಲಿ, ಕಾಗದದ ಪುರಾವೆಯೇ ಇರಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ರೋಪ್ ಗೊಂಗ್ರೈಪ್ ಮತ್ತು ಗೆಳೆಯರು ಚಿಪ್ ಬದಲಿಸಿ ಯಂತ್ರ ಸುಳ್ಳು ಲೆಕ್ಕ ಕೊಡುವಂತೆ ಮಾಡಿದರು, ಅದರಲ್ಲೇ ಚದುರಂಗವನ್ನೂ ಆಡಿಸಿ ತೋರಿಸಿದರು! ನವೆಂಬರಿನ ಚುನಾವಣೆಗೆ ಯುರೋಪಿನ ಭದ್ರತೆ ಮತ್ತು ಸಹಕಾರ ಸಂಸ್ಥೆಯ ವೀಕ್ಷಕರ ತಂಡ ಬಂತು. ಅಂಥ ಯಂತ್ರದ ಮುಂದೆ ನಿಂತ ವೀಕ್ಷಕನಿಗೆ ಕಾಣುವುದು ಗುಂಡಿ ಮತ್ತು ಪರದೆ, ಅಷ್ಟೇ. ಜನ ಒತ್ತಾಯಿಸಿದರು, ಸರಕಾರದ ಸಮಿತಿ 2007ರಲ್ಲಿ ಕಾಗದವೇ ಮೇಲು ಎಂದಿತು, 2008ರಲ್ಲಿ ಸರಕಾರ ಕಾಗದ-ಪೆನ್ಸಿಲ್ಲಿಗೆ ಮರಳಲು ನಿರ್ಧರಿಸಿತು. ಯಾವ ವೀಕ್ಷಕನೂ ಯಂತ್ರಕ್ಕೆ ಕೈ ಹಾಕಲಿಲ್ಲ. ತೋರಿಸಿದವರು ತೋರಿಸಿದರು, ಬರೆದವರು ಬರೆದರು, ಅಧಿಕಾರವಿದ್ದವರು ಬದಲಿಸಿದರು.

ಇದು ನಮಗೂ ಸಂಬಂಧಿಸಿದ್ದೇ. ನಮ್ಮ ಮತಯಂತ್ರ ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್. 2013ರಿಂದ ಮತದಾರನಿಗೆ ಕಾಣುವ ಕಾಗದದ ಚೀಟಿ ಬಂದಿದೆ. ಎಲ್ಲಾ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟ್ 2024ರಲ್ಲಿ ಒಪ್ಪಲಿಲ್ಲ. ಎಷ್ಟು ಎಣಿಸಬೇಕು ಎಂದು ವಾದಿಸುವ ಹಕ್ಕು ನಮಗಿದೆ. ಆದರೆ ನೋಡದೇ ತೀರ್ಪು ಕೊಡುವ ಹಕ್ಕು ಯಾರಿಗೂ ಇಲ್ಲ.

ಇನ್ನು ನುಡಿಯ ವಿಷಯ. ಆಯೋಗ ವೀಕ್ಷಕರನ್ನು ಹೊರರಾಜ್ಯದಿಂದ ಕಳಿಸುತ್ತದೆ. ಊರಿನ ಹಂಗು ಇರಬಾರದು ಅನ್ನುವುದು ಸರಿಯೇ. ಆದರೆ ಅವರಿಗೆ ಕನ್ನಡ ಬಾರದಿದ್ದರೆ? ಆ ರಾತ್ರಿ ನನ್ನ ಅರೆಬರೆ ಡಚ್ಚಿನಲ್ಲಿ ಮತಪತ್ರ ಕಾಣುತ್ತಿತ್ತು, ಸಿಬ್ಬಂದಿಯ ಪಿಸುಮಾತು ತಿಳಿಯುತ್ತಿರಲಿಲ್ಲ. ರಾಯಚೂರಿನ ಹಳ್ಳಿಯ ಹೆಂಗಸೊಬ್ಬಳು "ನನ್ನ ಓಟು ಬ್ಯಾರೆಯವ್ರು ಹಾಕ್ಯಾರ್ರೀ" ಅಂದರೆ ಅದು ವೀಕ್ಷಕರ ಕಿವಿಗೆ ಮುಟ್ಟಬೇಕು. ಕನ್ನಡದಲ್ಲೇ ದೂರು ಬರೆದು ಕೊಡಿ ಎಂದು ಊರಿನವರಿಗೆ ಹೇಳೋಣ. ಅನುವಾದ ಮಾಡಿಸಿಕೊಳ್ಳುವುದು ವ್ಯವಸ್ಥೆಯ ಹೊಣೆ.

ಕೊನೆಗೆ ಮೂರು ಮನವಿ. ಇಲ್ಲಿ ಮತದ ಹಕ್ಕಿರುವವರು ಮತ ಹಾಕಿ, ಒಂದು ರಾತ್ರಿ ಎಣಿಕೆ ನೋಡಿ. ಊರಲ್ಲಿ ಮತಗಟ್ಟೆ ಏಜೆಂಟರಾಗುವ ಅಣ್ಣತಮ್ಮಂದಿರಿಗೆ, ಬಿದ್ದ ಮತಗಳ ಲೆಕ್ಕ ಇರುವ 17ಸಿ ನಮೂನೆಯ ಪ್ರತಿ ಪಡೆಯದೆ ಬರಬೇಡಿ ಎನ್ನಿ. ಎಣಿಕೆಯ ದಿನ ಅದೇ ನಿಮ್ಮ ಸಾಕ್ಷಿ. ಮತ್ತೆ, ಚುನಾವಣೆಯ ಬಗ್ಗೆ ಯಾವ ಮೇಲ್ ಮುಂದಕ್ಕೆ ಕಳಿಸುವ ಮೊದಲೂ ಕೇಳಿಕೊಳ್ಳಿ: ಯಾವ ಮತಗಟ್ಟೆ? ಯಾರು ನೋಡಿದರು? ಎಲ್ಲಿ ಬರೆದಿದೆ? ಉತ್ತರ ಇಲ್ಲದಿದ್ದರೆ ಆ ಮೇಲ್ ನಮ್ಮಲ್ಲೇ ಉಳಿಯಲಿ.

ಸಿರಿಗನ್ನಡಂ ಗೆಲ್ಗೆ!