ಪಟ್ಟ ಬಿಟ್ಟುಕೊಟ್ಟು ದೇಶ ಕಟ್ಟಿದ ಸೆರೆಟ್ಸೆ ಖಾಮಾ



ಕಲಹಾರಿ ಮರುಭೂಮಿ ಹರಡಿಕೊಂಡಿರುವ ಬೋಟ್ಸ್ವಾನಾ 1966ರ ಸೆಪ್ಟೆಂಬರ್ 30ರಂದು ಬ್ರಿಟಿಷರಿಂದ ಸ್ವತಂತ್ರವಾಯಿತು. ಅದರ ಮೊದಲ ಅಧ್ಯಕ್ಷರು ಸೆರೆಟ್ಸೆ ಖಾಮಾ. ಇವರನ್ನು ಅದೇ ಬ್ರಿಟಿಷ್ ಸರ್ಕಾರ ಹಿಂದೆ ವರ್ಷಗಟ್ಟಲೆ ಹುಟ್ಟಿದೂರಿನಿಂದ ದೂರ ಇಟ್ಟಿತ್ತು. ಇವರು ಮಾಡಿದ ಅಪರಾಧವೆಂದರೆ ಮದುವೆ.

1921ರಲ್ಲಿ ಸೆರೋವೆಯಲ್ಲಿ ಹುಟ್ಟಿದ ಸೆರೆಟ್ಸೆ ಬಾಂಗ್ವಾಟೊ ಬುಡಕಟ್ಟಿನ ಅರಸು ಮನೆತನದ ಕುಡಿ. ನಾಲ್ಕನೆಯ ವಯಸ್ಸಿಗೇ ತಂದೆ ತೀರಿಕೊಂಡರು. ಹುಡುಗ ದೊಡ್ಡವನಾಗುವ ತನಕ ಚಿಕ್ಕಪ್ಪ ತ್ಶೆಕೆಡಿ ಆಡಳಿತ ನೋಡಿಕೊಂಡರು. ಕಾನೂನು ಓದಲು ಲಂಡನ್ನಿಗೆ ಹೋದ ಸೆರೆಟ್ಸೆ 1948ರಲ್ಲಿ ರೂತ್ ವಿಲಿಯಮ್ಸ್ ಎಂಬ ಬಿಳಿಯ ಯುವತಿಯ ಕೈಹಿಡಿದರು. ರೂತ್ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದರು. ಚಿಕ್ಕಪ್ಪ ಸಿಡಿದೆದ್ದರು. ಆದರೆ 1949ರ ಜೂನ್‌ನಲ್ಲಿ ಸೆರೋವೆಯ ಬಯಲಿನಲ್ಲಿ ಸೇರಿದ ಊರ ಮಹಾಸಭೆಯಲ್ಲಿ ಸಾವಿರಾರು ಜನ ಎದ್ದು ನಿಂತು ಸೆರೆಟ್ಸೆಯೇ ನಮ್ಮ ಒಡೆಯ ಎಂದರು. ಮನೆಯ ಜಗಳ ಅಲ್ಲಿಗೆ ಬಗೆಹರಿದಿತ್ತು.

ಅದನ್ನು ಬಗೆಹರಿಯಗೊಡದವರು ಹೊರಗಿನವರು. ನೆರೆಯ ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಸರ್ಕಾರ ಆಗಷ್ಟೇ ಗದ್ದುಗೆ ಹಿಡಿದು, ಕರಿಯರು ಬಿಳಿಯರ ನಡುವಿನ ಮದುವೆಯನ್ನೇ ನಿಷೇಧಿಸಿತ್ತು. ಗಡಿಯಾಚೆ ಬಿಳಿಯ ರಾಣಿಯಿರುವ ಕರಿಯ ಅರಸನನ್ನು ಅದು ಸಹಿಸುವಂತಿರಲಿಲ್ಲ. ಆ ದೇಶದ ಚಿನ್ನ, ಯುರೇನಿಯಂ ಬೇಕಾಗಿದ್ದ ಬ್ರಿಟನ್ ತಲೆಬಾಗಿತು. ಅದು ನೇಮಿಸಿದ ನ್ಯಾಯಾಧೀಶ ಹ್ಯಾರಗಿನ್ ನಡೆಸಿದ ವಿಚಾರಣೆ, ಈ ಮದುವೆಯೊಂದಿಲ್ಲದಿದ್ದರೆ ಸೆರೆಟ್ಸೆ ಪಟ್ಟಕ್ಕೆ ತಕ್ಕವರೇ ಎಂದಿತು. ಬ್ರಿಟಿಷ್ ಸರ್ಕಾರ ಆ ವರದಿಯನ್ನು ಬಚ್ಚಿಟ್ಟಿತು. 1950ರಲ್ಲಿ ಸೆರೆಟ್ಸೆಯವರನ್ನು ಮಾತುಕತೆಗೆಂದು ಲಂಡನ್ನಿಗೆ ಕರೆಸಿ, ಐದು ವರ್ಷ ನಾಡಿಗೆ ಹೋಗಕೂಡದು ಎಂದು ಹೇಳಿತು. 1952ರಲ್ಲಿ ಬಹಿಷ್ಕಾರವನ್ನು ಕಾಯಂ ಮಾಡಿತು. ಮಾತುಕತೆಯ ಹೆಸರಿನಲ್ಲಿ ನಡೆದ ಈ ಮೋಸವನ್ನು ಓದುವಾಗ ಇಂದಿಗೂ ಮೈ ಉರಿಯುತ್ತದೆ. ಬಾಂಗ್ವಾಟೊ ಜನ ಮಾತ್ರ ಅವರ ಜಾಗದಲ್ಲಿ ಬೇರೊಬ್ಬ ಒಡೆಯನನ್ನು ಒಪ್ಪಲೇ ಇಲ್ಲ.

ಕೊನೆಗೆ 1956ರಲ್ಲಿ, ಪಟ್ಟದ ಹಕ್ಕನ್ನು ಬಿಟ್ಟುಕೊಟ್ಟು, ಸಾಮಾನ್ಯ ಪ್ರಜೆಯಾಗಿ ಸೆರೆಟ್ಸೆ ಊರಿಗೆ ಮರಳಿದರು. ಮುಂದೆ ಪಕ್ಷ ಕಟ್ಟಿದರು. 1965ರ ಚುನಾವಣೆಯಲ್ಲಿ 31 ಸ್ಥಾನಗಳಲ್ಲಿ 28 ಅವರ ಪಕ್ಷಕ್ಕೆ ಬಂದವು.

ಕೈಗೆ ಬಂದ ದೇಶದ ಸ್ಥಿತಿಯಾದರೂ ಹೇಗಿತ್ತು? ವರ್ಷಗಳ ಬರಗಾಲದಲ್ಲಿ ದನಕರುಗಳು ಲೆಕ್ಕವಿಲ್ಲದಷ್ಟು ಸತ್ತಿದ್ದವು. ಬ್ರಿಟಿಷರ ಕಾಲದಲ್ಲಿ ಆ ನಾಡಿನ ಆಡಳಿತ ಕೇಂದ್ರ ನಾಡಿನೊಳಗೇ ಇರಲಿಲ್ಲ, ದಕ್ಷಿಣ ಆಫ್ರಿಕಾದ ಮಾಫೆಕಿಂಗ್‌ನಲ್ಲಿತ್ತು! ಗ್ಯಾಬೊರೋನ್ ಎಂಬ ರಾಜಧಾನಿಯನ್ನು ಹೊಸದಾಗಿ ಕಟ್ಟಬೇಕಾಯಿತು. ಮೊದಲ ಕೆಲವು ವರ್ಷ ಸರ್ಕಾರದ ದಿನನಿತ್ಯದ ಖರ್ಚಿಗೂ ಬ್ರಿಟನ್ನಿನ ನೆರವೇ ಗತಿ.

ಸೆರೆಟ್ಸೆಯವರ ದೊಡ್ಡತನವನ್ನು ನಾನು ಕಾಣುವುದು 1967ರ ಒಂದು ಕಾನೂನಿನಲ್ಲಿ. ಭೂಮಿಯೊಳಗಿನ ಖನಿಜದ ಹಕ್ಕು ಆವರೆಗೆ ಆಯಾ ಬುಡಕಟ್ಟಿನದು. ಅದನ್ನು ಅವರು ಇಡೀ ದೇಶದ ಸೊತ್ತಾಗಿಸಿದರು. ಅದೇ ವರ್ಷ ಒರಾಪದಲ್ಲಿ ವಜ್ರದ ನಿಕ್ಷೇಪ ಸಿಕ್ಕಿತು. ಒರಾಪ ಇದ್ದದ್ದು ಅವರದೇ ಬಾಂಗ್ವಾಟೊ ನೆಲದಲ್ಲಿ. ಹಕ್ಕು ಬುಡಕಟ್ಟಿನಲ್ಲೇ ಉಳಿದಿದ್ದರೆ ಅವರ ಬಳಗ ಹೊನ್ನಿನಲ್ಲಿ ಹೊರಳಾಡುತ್ತಿತ್ತು, ಉಳಿದವರು ನೋಡುತ್ತ ನಿಲ್ಲಬೇಕಿತ್ತು. ಖನಿಜಕ್ಕಾಗಿ ಕಾಂಗೋ ಹೊತ್ತಿ ಉರಿದದ್ದನ್ನು ನೆನೆದರೆ ಈ ತ್ಯಾಗದ ತೂಕ ತಿಳಿಯುತ್ತದೆ. ಅಲ್ಲಿ ವಜ್ರ ತೆಗೆದ ಡಿ ಬಿಯರ್ಸ್ ಕಂಪನಿಯ ಗಣಿಯಲ್ಲಿ ಶುರುವಿಗೆ ಶೇಕಡಾ 15ರಷ್ಟಿದ್ದ ಸರ್ಕಾರದ ಪಾಲನ್ನು ಪಟ್ಟು ಹಿಡಿದು ಮಾತಾಡಿ ಅರ್ಧಕ್ಕೆ ಏರಿಸಲಾಯಿತು. ಆ ಹಣ ಶಾಲೆ, ರಸ್ತೆ, ಆಸ್ಪತ್ರೆಗಳಾಯಿತು. ಕಲಹಾರಿಯ ಮೂಲನಿವಾಸಿ ಸಾನ್ ಜನರಿಗೆ ಮಾತ್ರ ಆ ಸಿರಿ ಸರಿಯಾಗಿ ಮುಟ್ಟಲಿಲ್ಲ. ಇದನ್ನು ಮರೆಮಾಚುವುದು ಸಲ್ಲದು.

ದೇಶದ ಸುತ್ತ ಬಹುತೇಕ ಬಿಳಿಯರ ಆಡಳಿತ. ಸರಕು ಸಾಗಬೇಕಾದದ್ದು ಅವರದೇ ರೈಲು, ಬಂದರುಗಳ ಮೂಲಕ. ಆದರೂ ಸೆರೆಟ್ಸೆ ವರ್ಣಭೇದವನ್ನು ತಪ್ಪೆಂದೇ ಸಾರಿದರು, ಓಡಿಬಂದ ನಿರಾಶ್ರಿತರಿಗೆ ಜಾಗ ಕೊಟ್ಟರು. 1977ರವರೆಗೆ ದೇಶಕ್ಕೆ ಸೈನ್ಯವೇ ಇರಲಿಲ್ಲ ಎಂಬುದನ್ನು ಗಮನಿಸಬೇಕು.

1980ರ ಜುಲೈ 13ರಂದು, ಅಧಿಕಾರದಲ್ಲಿದ್ದಾಗಲೇ, ಕ್ಯಾನ್ಸರ್‌ನಿಂದ ಅವರು ತೀರಿಕೊಂಡರು. ಉಪಾಧ್ಯಕ್ಷ ಕ್ವೆಟ್ ಮಸೀರೆ ಶಾಂತವಾಗಿ ಅಧ್ಯಕ್ಷರಾದರು. ಮಸೀರೆ ಬಾಂಗ್ವಾಟೊ ಅಲ್ಲ, ಅರಸು ಮನೆತನದವರೂ ಅಲ್ಲ. ದಕ್ಷಿಣದ ಬೇರೊಂದು ಬುಡಕಟ್ಟಿನ ಸಾಮಾನ್ಯರ ಮಗ.