ದೇವರ ಮಾತು, ಸಮಾಜದ ಗಾಯ

ದೇವರ ಸ್ವರೂಪವನ್ನೂ ಮನುಷ್ಯನೊಡನೆ ಆತನಿಗಿರುವ ಸಂಬಂಧವನ್ನೂ ಕ್ರಮಬದ್ಧವಾಗಿ ವಿಚಾರಿಸುವ ಜ್ಞಾನಶಾಖೆಗೆ ದೇವತಾಶಾಸ್ತ್ರವೆಂದು ಹೆಸರು. ಬಹುಕಾಲ ತತ್ತ್ವಶಾಸ್ತ್ರವನ್ನೇ ಸಂಗಾತಿಯಾಗಿ ನೆಚ್ಚಿದ್ದ ಈ ಶಾಸ್ತ್ರವು, 1971ರಲ್ಲಿ ಪೆರು ದೇಶದ ಪಾದ್ರಿ ಗುಸ್ತಾವೊ ಗುಟಿಯೆರೆಜ್ ಅವರ ವಿಮೋಚನಾ ದೇವತಾಶಾಸ್ತ್ರದ ಗ್ರಂಥ ಪ್ರಕಟವಾದಾಗ, ಬಡತನದ ಬೇರುಗಳನ್ನು ಅರಿಯಲು ಸಮಾಜವಿಜ್ಞಾನಗಳತ್ತ ಗಟ್ಟಿಯಾಗಿ ಕೈಚಾಚಿತು.

ಅದಕ್ಕೂ ಮೊದಲೇ, 1957ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧರ್ಮ ಮತ್ತು ಸಮಾಜ ಅಧ್ಯಯನದ ಕ್ರೈಸ್ತ ಸಂಸ್ಥೆಯಲ್ಲಿ ಪಿ. ಡಿ. ದೇವನಂದನ್ ಮತ್ತು ಎಂ. ಎಂ. ಥಾಮಸ್ ಅವರು ಸ್ವತಂತ್ರ ಭಾರತದ ರಾಷ್ಟ್ರನಿರ್ಮಾಣದ ಪ್ರಶ್ನೆಗಳನ್ನು ಧರ್ಮಚಿಂತನೆಯೊಳಕ್ಕೆ ತಂದಿದ್ದರೆಂಬುದು ಕನ್ನಡ ನಾಡು ಮರೆಯಬಾರದ ಸಂಗತಿ. ಆದರೂ ಜಾತಿಯ ಗಾಯವು ಆ ಸಂವಾದದ ನಡುಮನೆಗೆ ಬಂದಿರಲಿಲ್ಲ. 1981ರಲ್ಲಿ ಅದೇ ನಗರದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು ಶೂದ್ರ ದೇವತಾಶಾಸ್ತ್ರವನ್ನು ಕುರಿತು ನೀಡಿದ ಉಪನ್ಯಾಸವು ದಲಿತ ದೇವತಾಶಾಸ್ತ್ರಕ್ಕೆ, ಅಂದರೆ ದಲಿತರ ನೋವಿನ ಅನುಭವವನ್ನೇ ದೇವರ ಅರಿವಿನ ಆರಂಭಬಿಂದುವಾಗಿಸುವ ಚಿಂತನೆಗೆ, ನಾಂದಿಯಾಯಿತು.

ಬಹಿಷ್ಕಾರದ ರಚನೆಯನ್ನು ಸಮಾಜಶಾಸ್ತ್ರ ಬಿಡಿಸಿ ತೋರಿಸಬಲ್ಲದು. ಬಹಿಷ್ಕೃತನ ಪ್ರಾರ್ಥನೆ ಯಾರನ್ನು ಮುಟ್ಟುತ್ತದೆಂಬ ಪ್ರಶ್ನೆ ಮಾತ್ರ ಅದರ ಅಳತೆಗೆ ಸಿಗದು. ಆ ಪ್ರಶ್ನೆಯನ್ನು ಎದುರಿಸಿದ ನಿರ್ಮಲ್ ಅವರು ದೇವರನ್ನು ಒಡೆಯನಾಗಿ ಅಲ್ಲದೆ ಸೇವಕನಾಗಿ ಕಂಡರು, ಶತಮಾನಗಳಿಂದ ಊರಿನ ಕಸ ಗುಡಿಸಿದ ಕೈಗಳಲ್ಲಿ ಆ ಸೇವಕ ದೇವರ ಕಾರ್ಯವನ್ನೇ ಗುರುತಿಸಿದರು.